ಆ ಮಗು ಅತ್ತಿತ್ತು

ಮಗು ತೀರಿಕೊಂಡ ಮನೆಗೆ ಸಾವಿನ ಕಾರಣ ತಿಳಿಯುವ ಸಂದರ್ಶನಕ್ಕೆಂದು ಹೋದಾಗ ಮೊದಲಿಗೇ ಪ್ರಶ್ನೆಗಳ ನಮೂನೆ ತೆಗೆಯಬಾರದು. ಚಳ್ಳಕೆರೆ ತಾಲ್ಲೂಕಿನ ಆ ಹಳ್ಳಿಗೆ ನನ್ನ ಜೊತೆ ಬಂದ ಆಶಾ ಕಾರ್ಯಕರ್ತೆಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಶೇಂಗಾ ಕೀಳುವ ಕಾಲವಾದ್ದರಿಂದ ಮನೆಯವರೆಲ್ಲ ಹೊಲದಲ್ಲಿದ್ದರು. ತವರಿಗೆ ಬಂದಿದ್ದ ಬಾಣಂತಿ ಮತ್ತು ಅವಳ ತಾಯಿ ಮಾತ್ರ ಮನೆಯಲ್ಲಿದ್ದರು.

ಆಸ್ಪತ್ರೆಯ ದಾಖಲೆಯಲ್ಲಿ ‘ನಿರ್ಜೀವ ಜನನ’ ಎಂದಿತ್ತು. ಬಾಣಂತಿಯ ತಾಯಿಯೂ ಅದನ್ನೇ ಹೇಳಿದರು: "ಸತ್ತೇ ಹುಟ್ಟಿತು, ಬರೆದುಕೊಳ್ಳಿ ಮೇಡಂ. ಅವಳನ್ನು ಮಾತನಾಡಿಸಬೇಡಿ."

ಆಶಾ ಕಾರ್ಯಕರ್ತೆ ಮಗುವಿನ ಮಾತೆತ್ತಲಿಲ್ಲ. ಹಾಲು ಕಟ್ಟಿಕೊಂಡು ಎದೆ ನೋಯುತ್ತಿದೆಯೇ, ಜ್ವರ ಬಂದಿತ್ತೇ, ಊಟ ಸೇರುತ್ತಿದೆಯೇ ಎಂದು ಬಾಣಂತಿಯನ್ನು ವಿಚಾರಿಸಿದಳು. ಅಷ್ಟು ದಿನಗಳಲ್ಲಿ ಅವಳ ಮೈಯ ನೋವನ್ನು ಯಾರೂ ಕೇಳಿರಲಿಲ್ಲವೇನೋ. ಬಹಳ ಹೊತ್ತು ಅತ್ತಳು. ಆಮೇಲೆ ತಾನಾಗಿಯೇ ಹೇಳಿದಳು: "ಅತ್ತಿತು ಅಕ್ಕ. ಸಣ್ಣಗೆ ಎರಡು ಸಲ. ಕಾಲು ಆಡಿಸಿದ್ದನ್ನೂ ನೋಡಿದೆ."

ಹುಟ್ಟಿದ ಮೇಲೆ ಮಗು ಒಮ್ಮೆ ಉಸಿರಾಡಿದರೂ, ಅದರ ಹೃದಯ ಬಡಿದುಕೊಂಡರೂ, ಕೈಕಾಲು ಆಡಿಸಿದರೂ ಅದು ಸಜೀವ ಜನನ. ಜನನ, ಮರಣ ಎರಡನ್ನೂ ನೋಂದಾಯಿಸಲೇಬೇಕು. ಮೊದಲ 28 ದಿನಗಳೊಳಗಿನ ಸಾವಾದ್ದರಿಂದ ನವಜಾತ ಶಿಶು ಮರಣದ ಲೆಕ್ಕಕ್ಕೂ ಸೇರಬೇಕು. ನಿರ್ಜೀವ ಜನನ ಎಂದು ಬರೆದರೆ ಮಗು ಆ ಲೆಕ್ಕದಿಂದ ಜಾರಿಹೋಗುತ್ತದೆ. ಹೆರಿಗೆ ಏಕೆ ತಡವಾಯಿತು, ಮಗುವಿಗೆ ಉಸಿರು ಕೊಡುವ ಚೀಲ ಮತ್ತು ಮಾಸ್ಕ್ ಕೈಗೆಟುಕುವಂತಿತ್ತೇ, ಮಗುವನ್ನು ಬೆಚ್ಚಗಿಟ್ಟಿದ್ದರೇ ಎಂಬ ಪ್ರಶ್ನೆಗಳೂ ಅದರೊಂದಿಗೆ ಮುಚ್ಚಿಹೋಗುತ್ತವೆ. 2030ರೊಳಗೆ ನವಜಾತ ಶಿಶು ಮರಣವನ್ನು ಸಾವಿರ ಸಜೀವ ಜನನಗಳಿಗೆ 12ಕ್ಕಾದರೂ ಇಳಿಸುವ ಸುಸ್ಥಿರ ಅಭಿವೃದ್ಧಿ ಗುರಿಯನ್ನು ದೇಶ ಒಪ್ಪಿಕೊಂಡಿದೆ. ಅಂಕಿ ಇಂತಹ ದಾಖಲೆಗಳಿಂದ ಇಳಿಯುವುದಾದರೆ ನನಗೆ ಆ ಇಳಿಕೆ ಬೇಡ.

ಮಗಳ ಮಾತು ಕೇಳಿದ ಮೇಲೆ ತಾಯಿಯೂ ಬಾಯಿಬಿಟ್ಟರು. ಸಂಜೆಯೇ ನೋವು ಶುರುವಾಗಿತ್ತು. ಮೊದಲು ಹೋದ ಕಡೆ ಆಗುವುದಿಲ್ಲವೆಂದು ಇನ್ನೊಂದು ಕಡೆಗೆ ಕಳುಹಿಸಿದ್ದರು. ಅಲ್ಲಿ ತಲುಪುವಾಗ ನಡುರಾತ್ರಿ ದಾಟಿತ್ತು. ಇದನ್ನೆಲ್ಲ ಅವರು ಹೇಳಿದ ಹಾಗೆಯೇ ಬರೆದುಕೊಂಡೆ. ನಮೂನೆಯಲ್ಲಿ ಜಾಗ ಸಾಲದೆ ಬೇರೆ ಹಾಳೆ ಸೇರಿಸಿದೆ.

"ಹೆಸರೇ ಇಡದ ಮಗುವಿನ ಹುಟ್ಟನ್ನೂ ಬರೆಸಬಹುದೇ?" ಎಂದು ಬಾಣಂತಿ ಕೇಳಿದಳು. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ ಎಂದೆ.

ದಾಖಲೆ ತಿದ್ದಬೇಕೆಂಬ ಟಿಪ್ಪಣಿಯೊಂದಿಗೆ ವರದಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಟ್ಟಿದ್ದೇನೆ. ಆ ರಾತ್ರಿಯ ಹೆರಿಗೆ ಕೊಠಡಿಯ ಕೇಸ್ ಶೀಟ್ ಇನ್ನೂ ನಮ್ಮ ಕೈಸೇರಿಲ್ಲ. ಈ ಸಾವಿನ ಪರಿಶೀಲನಾ ಸಭೆಗೆ ಮುಂಚೆ ಅದು ಬೇಕೆಂದು ಮತ್ತೆ ಬರೆದಿದ್ದೇನೆ.