ಇದು ಕೇಪಳ ಅಲ್ಲ ಮಾರಾಯ್ತಿ

ತಂಗಿ ಬಾಣಂತನಕ್ಕೆ ಬಂದಿದ್ದಾಳೆ ಅಂತ ಮಾರ್ಚ್‌ನಲ್ಲಿ ನಾನೂ ಕಾಸರಗೋಡಿನ ಪೆರ್ಲದ ಹತ್ತಿರದ ತವರಿಗೆ ಹೋಗಿದ್ದೆ. ಮಗುವಿನ ನೆತ್ತಿಯಲ್ಲಿ ಹೊಟ್ಟು ಕಟ್ಟಿತ್ತು. ಡಾಕ್ಟರು ನೋಡಿ, "ತನ್ನಷ್ಟಕ್ಕೆ ಹೋಗ್ತದೆ, ಬೇಕಾದರೆ ಎಣ್ಣೆ ಹಚ್ಚಿ" ಅಂದರು. ಅಮ್ಮನಿಗೆ ಅಷ್ಟೇ ಸಾಕಾಯಿತು. "ಕೇಪಳದ ಹೂ ಕೊಯ್ದುಕೊಂಡು ಬಾ, ಎಣ್ಣೆ ಕಾಯಿಸುವ." ಕೇಪಳ ಅಂದರೆ ನಮ್ಮ ಗುಡ್ಡೆಯಲ್ಲಿ ಬೆಳೆಯುವ ಕೆಂಪು ಹೂವಿನ ಗಿಡ.

ನಾನು ಸೋಮಾರಿ. ಅಂಗಳದ ಬದಿಯಲ್ಲೇ ನರ್ಸರಿಯಿಂದ ತಂದ ಗಿಡವೊಂದು ಕೆಂಪಗೆ ಹೂ ಬಿಟ್ಟಿತ್ತು. ಚೀಟಿಯಲ್ಲಿ 'ಇಕ್ಸೋರಾ' ಅಂತ ಇತ್ತು. ಕೇಪಳಕ್ಕೆ 1753ರಲ್ಲಿ ಲಿನೇಯಸ್ ಇಟ್ಟ ಹೆಸರೂ ಇಕ್ಸೋರಾ ಕೊಕ್ಸಿನಿಯಾ. ಎರಡೂ ಒಂದೇ ಅಲ್ವಾ ಅಂತ ಒಂದು ಮುಷ್ಟಿ ಕೊಯ್ದು ಕೊಟ್ಟೆ. ಅಮ್ಮ ಒಂದೇ ಒಂದು ಹೂ ಎತ್ತಿ ನೋಡಿದಳು. "ಇದು ಕೇಪಳ ಅಲ್ಲ ಮಾರಾಯ್ತಿ. ಎಸಳಿನ ತುದಿ ನೋಡು."

ನೋಡಿದೆ. ಉರುಟಾಗಿತ್ತು. ಗುಡ್ಡೆಯ ಕೇಪಳಕ್ಕೂ ನಾಲ್ಕೇ ಎಸಳು, ಆದರೆ ತುದಿ ಚೂಪು. ಚೀಟಿಯ 'ಇಕ್ಸೋರಾ' ಬರೀ ಕುಲದ ಹೆಸರು, ಅದರಲ್ಲಿ ಜಾತಿ ಹಲವು. ಅದರ ಬುಡದ ಜೇನು ಚೀಪುತ್ತಾ, ಕಪ್ಪಾದ ಹಣ್ಣು ತಿನ್ನುತ್ತಾ ಶಾಲೆಗೆ ಹೋದವಳು ನಾನು. ನನಗೇ ಇದು ಗೊತ್ತಿರಲಿಲ್ಲ!

ಸರಿ, ಗುಡ್ಡೆ ಹತ್ತಿದೆ. ಈಗ ಅರ್ಧ ರಬ್ಬರು, ಉಳಿದರ್ಧ ಮುರಕಲ್ಲು ಕಡಿದ ಹೊಂಡ. ಹೊಂಡದ ಅಂಚಿನಲ್ಲಿ ಐದಾರು ಗಿಡ ಉಳಿದಿತ್ತು. ಲಾರಿಗೆ ಕಲ್ಲು ತುಂಬಿಸುತ್ತಿದ್ದ ಒಬ್ಬರು, ಚೆಕ್ಕಿ ಹೂ (ಕೇಪಳಕ್ಕೆ ಅವರ ಹೆಸರು) ಯಾಕೆ ಅಂತ ಮಲಯಾಳದಲ್ಲಿ ಕೇಳಿದರು. ಮಗುವಿನ ಎಣ್ಣೆಗೆ ಅಂದದ್ದೇ ತಡ, ಕೆಲಸ ಬಿಟ್ಟು ಬಂದು ನನ್ನ ಕೈಗೆ ಸಿಗದ ಗೆಲ್ಲು ಬಗ್ಗಿಸಿ ಹಿಡಿದರು. ಅವರ ಮನೆಯಲ್ಲೂ ಮಕ್ಕಳಿಗೆ ಅದೇ ಎಣ್ಣೆಯಂತೆ.

ಅಮ್ಮ ಹೂ ತೊಳೆದು ನೆರಳಲ್ಲಿ ಹರವಿದಳು. ಆರಿದ ಮೇಲೆ ತೆಂಗಿನೆಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿಟ್ಟಳು. ಚಟಪಟ ಸದ್ದು ಪೂರ್ತಿ ನಿಲ್ಲಬೇಕಂತೆ. ಸದ್ದು ಇದ್ದರೆ ನೀರು ಉಳಿದಿದೆ ಅಂತ, ನೀರು ಉಳಿದರೆ ಎಣ್ಣೆ ಬೇಗ ಕೆಡುತ್ತದೆ. ಹೂ ಗರಿಗರಿಯಾಗಿ ಕಪ್ಪಾಯಿತು, ಎಣ್ಣೆಗೆ ತಿಳಿಗೆಂಪು ಬಂತು.

ತಂಗಿಯದು ಒಂದೇ ಹಟ, ಮೊದಲು ಮೊಣಕೈಗೆ ಒಂದು ಬೊಟ್ಟು ಹಚ್ಚಿ ಒಂದು ದಿನ ನೋಡಬೇಕು ಅಂತ. ನನಗೂ ಅದೇ ಸರಿ ಅನ್ನಿಸಿತು. ಅಮ್ಮ ಮುಖ ದಪ್ಪ ಮಾಡಿಕೊಂಡಳು. ಎರಡು ವಾರದಲ್ಲಿ ಹೊಟ್ಟು ಹೋಯಿತು. ಎಣ್ಣೆಯಿಂದಲೋ ತನ್ನಷ್ಟಕ್ಕೋ, ಅಮ್ಮನ ಹತ್ತಿರ ನಾನಂತೂ ಕೇಳಲಿಲ್ಲ.

ಮಿಕ್ಕ ಹೂವನ್ನು ಅವತ್ತೇ ಜೀರಿಗೆ ಜೊತೆ ತುಪ್ಪದಲ್ಲಿ ಹುರಿದು, ಕಾಯಿತುರಿ ಹಾಕಿ ಕಡೆದು, ಮಜ್ಜಿಗೆ ಸೇರಿಸಿ ತಂಬುಳಿ ಮಾಡಿದಳು. ಹೊಟ್ಟೆ ಕೆಟ್ಟಾಗ ಮಾಡುವಂಥದ್ದು. ಯಾರ ಹೊಟ್ಟೆಯೂ ಕೆಟ್ಟಿರಲಿಲ್ಲ, ಆದರೂ ಪಾತ್ರೆ ಖಾಲಿಯಾಯಿತು.