ಪಕ್ಷಿ ಅಟ್ಲಾಸ್: ಚೌಕ ಬಿಡಿಸುವುದರಿಂದ ಪಟ್ಟಿ ಸೋಸುವವರೆಗೆ

ಹಕ್ಕಿ ನೋಡುವವರನ್ನು ಅವರ ಪಾಡಿಗೆ ಬಿಟ್ಟರೆ ಎಲ್ಲರೂ ಕೆರೆಗೇ ಹೋಗುತ್ತಾರೆ. ಕೆರೆ ಬಿಟ್ಟರೆ ಕಾಡಿನ ಅಂಚು, ಅದೂ ಬಿಟ್ಟರೆ ಹೋದ ವಾರ ಯಾರಿಗೋ ಅಪರೂಪದ ಹಕ್ಕಿ ಕಂಡ ಜಾಗ. ಹೀಗೆ ವರ್ಷಗಟ್ಟಲೆ ಕೂಡಿದ ಪಟ್ಟಿಗಳಿಂದ ನಕ್ಷೆ ಬಿಡಿಸಿದರೆ ಅದರಲ್ಲಿ ಮೂಡುವುದು ಹಕ್ಕಿ ನೋಡುವವರ ಓಡಾಟ. ಜೋಳದ ಹೊಲ, ತೆಂಗಿನ ತೋಟ, ಹೊಸ ಬಡಾವಣೆ, ಕಲ್ಲು ಕ್ವಾರಿ, ನೀಲಗಿರಿ ತೋಪು ಎಲ್ಲ ಖಾಲಿ ಉಳಿಯುತ್ತವೆ. ಅಲ್ಲಿ ಹಕ್ಕಿಯೇ ಇಲ್ಲವೋ, ಯಾರೂ ಹೋಗಲಿಲ್ಲವೋ ಎಂದು ಆ ನಕ್ಷೆ ನೋಡಿ ಹೇಳಲಾಗದು. ಅಟ್ಲಾಸ್ ಮಾಡುವುದೇ ಈ ಎರಡನ್ನು ಬೇರ್ಪಡಿಸುವುದಕ್ಕೆ. ಇಡೀ ಪ್ರದೇಶವನ್ನು ಸಮನಾದ ಚೌಕಗಳಾಗಿ ಹಂಚಿ, ಯಾವ ಚೌಕಕ್ಕೂ ಹೆಚ್ಚು ಕಡಿಮೆ ಮಾಡದೆ, ಅಷ್ಟೇ ಹೊತ್ತು, ಅದೇ ಕ್ರಮದಲ್ಲಿ ನೋಡಿಬರುವುದು.

ಬ್ರಿಟನ್ ಮತ್ತು ಐರ್ಲೆಂಡಿನ ಸ್ವಯಂಸೇವಕರು 1968ರಿಂದ 1972ರವರೆಗೆ 10 ಕಿ.ಮೀ. ಚೌಕಗಳಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ದಾಖಲಿಸಿದರು. ದಕ್ಷಿಣ ಆಫ್ರಿಕಾದಲ್ಲಿ 2007ರಲ್ಲಿ ಶುರುವಾದ ಎರಡನೇ ಅಟ್ಲಾಸ್ ಅಕ್ಷಾಂಶ ರೇಖಾಂಶಗಳ 5 ನಿಮಿಷದ (ಇಲ್ಲಿ ನಿಮಿಷವೆಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು) ಚೌಕ ಹಿಡಿಯಿತು. ನಮ್ಮಲ್ಲಿ ಮೈಸೂರು ನಗರದ ಅಟ್ಲಾಸ್ 2014ರಿಂದ 2016ರ ನಡುವೆ ಆಯಿತು. ಕೇರಳದವರು 2015ರಿಂದ 2020ರವರೆಗೆ ಇಡೀ ರಾಜ್ಯವನ್ನೇ ಮುಗಿಸಿದರು: ಸಾವಿರಕ್ಕೂ ಮಿಕ್ಕಿದ ಸ್ವಯಂಸೇವಕರು, 361 ಜಾತಿಗಳು, ಮೂರು ಲಕ್ಷದಷ್ಟು ದಾಖಲೆಗಳು. ಹೊಸದಾಗಿ ಕೈಹಾಕುವ ಯಾವ ಜಿಲ್ಲೆಗೂ ಕೇರಳದ ಕ್ರಮವೇ ಒಳ್ಳೆಯ ಮಾದರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲ ಕಡೆ ಹೋಗಲು ಆಗುವುದಿಲ್ಲ ಎಂಬುದನ್ನು ಅದು ಮೊದಲೇ ಒಪ್ಪಿಕೊಂಡು, ಎಲ್ಲಿಗೆ ಹೋಗಬೇಕೆಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತದೆ.

ಆ ಕ್ರಮ ಹೀಗಿದೆ. ದೊಡ್ಡ ಚೌಕ 3.75 ನಿಮಿಷದ್ದು. ನಮ್ಮ ಅಕ್ಷಾಂಶದಲ್ಲಿ ಅದರ ಒಂದು ಬದಿ ಆರೂವರೆಯಿಂದ ಏಳು ಕಿ.ಮೀ. ಅದನ್ನು ನಾಲ್ಕು ಕಾಲುಭಾಗ ಮಾಡಬೇಕು. ಪ್ರತಿ ಕಾಲುಭಾಗದಲ್ಲಿ ಒಂಬತ್ತು ಉಪಚೌಕ, ಒಂದೊಂದು ಒಂದು ಕಿ.ಮೀ.ಗಿಂತ ತುಸು ಅಗಲ. ಒಂಬತ್ತರಲ್ಲಿ ಒಂದನ್ನು ಕಂಪ್ಯೂಟರಿನಿಂದ ಎತ್ತಿಸಿದರೆ, ದೊಡ್ಡ ಚೌಕಕ್ಕೆ ನಾಲ್ಕು ಉಪಚೌಕ. ಅಂದರೆ ನೋಡುವುದು ನೆಲದ ಒಂಬತ್ತನೇ ಒಂದು ಪಾಲು. ಆದರೆ ಆ ಪಾಲಿನಲ್ಲಿ ಹೊಲ, ತೋಟ, ಊರು, ಕಾಡು ಹೆಚ್ಚುಕಡಿಮೆ ತಮ್ಮ ತಮ್ಮ ಪ್ರಮಾಣದಲ್ಲೇ ಬಂದಿರುತ್ತವೆ. ಉಪಚೌಕವನ್ನು ಸ್ವಯಂಸೇವಕರೇ ಆರಿಸಿಕೊಳ್ಳಲಿ ಎಂದು ಬಿಟ್ಟರೆ ಈ ಲೆಕ್ಕ ಮುರಿಯುತ್ತದೆ, ಎಲ್ಲರೂ ಮತ್ತೆ ಕೆರೆಗೇ ಹೋಗುತ್ತಾರೆ.

ಹೋಗಲಾಗದ ಉಪಚೌಕಗಳು ಬಂದೇ ಬರುತ್ತವೆ: ಬೇಲಿ ಹಾಕಿದ ಎಸ್ಟೇಟು, ರಕ್ಷಣಾ ಇಲಾಖೆಯ ಜಾಗ, ದಾರಿಯಿಲ್ಲದ ಕಡಿದಾದ ಜಾಗ. ಅದಕ್ಕೆ ಬದಲಿ ಯಾವುದೆಂದು ಮೊದಲೇ ಕ್ರಮಸಂಖ್ಯೆ ಹಾಕಿಟ್ಟಿರಬೇಕು, ಅದೂ ಅದೇ ಕಾಲುಭಾಗದ ಒಳಗೆ. ಗೇಟಿನ ಮುಂದೆ ನಿಂತು ಬದಲಿ ಹುಡುಕಿದರೆ ಕಣ್ಣು ಹಸಿರು ಹೆಚ್ಚಿದ್ದ ಕಡೆಗೇ ಹೋಗುತ್ತದೆ. ಮೀಸಲು ಅರಣ್ಯ, ಅಭಯಾರಣ್ಯಗಳ ಚೌಕಗಳಿಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಅರ್ಜಿಯನ್ನು ಸಮೀಕ್ಷೆಗೆ ತಿಂಗಳುಗಳ ಮೊದಲೇ, ಚೌಕಗಳ ನಕ್ಷೆ ಮತ್ತು ಹೋಗುವವರ ಹೆಸರು ಸಮೇತ ಕೊಟ್ಟಿಡಿ. ಕಡೆಯ ವಾರಕ್ಕೆ ಬಿಟ್ಟರೆ ಆ ಋತುವೇ ಕೈತಪ್ಪುತ್ತದೆ.

ಋತು ಎರಡು ಸಾಕು. ಜನವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಒಂದು, ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಇನ್ನೊಂದು. ಅಕ್ಟೋಬರ್, ನವೆಂಬರಿನಲ್ಲಿ ಹಕ್ಕಿ ಹೆಚ್ಚು ಕಾಣುತ್ತವೆ, ಆಗಲೇ ಏಕೆ ಬೇಡ ಎಂದು ಕೇಳುವವರಿದ್ದಾರೆ. ಆ ತಿಂಗಳುಗಳಲ್ಲಿ ಎಲೆ ಉಲಿಯಕ್ಕಿ, ಬೂದು ಕುಂಡೆಕುಸುಕದಂಥ ವಲಸೆಗಾರರಲ್ಲಿ ಅನೇಕ ಇನ್ನೂ ದಾರಿಯಲ್ಲಿರುತ್ತವೆ. ಇಂದು ಕಂಡದ್ದು ನಾಳೆ ನೂರಾರು ಕಿ.ಮೀ. ದಕ್ಷಿಣಕ್ಕೆ ಹೋಗಿರಬಹುದು. ಜನವರಿಯ ಹೊತ್ತಿಗೆ ಅವು ಚಳಿಗಾಲದ ನೆಲೆ ಹಿಡಿದು ಕೂತಿರುತ್ತವೆ, ನಕ್ಷೆಗೆ ಬೇಕಾದದ್ದು ಆ ನೆಲೆ. ಮಳೆಗಾಲದ ಸುತ್ತು ಇಲ್ಲೇ ಇರುವ ಹಕ್ಕಿಗಳಿಗೆ. ಜೋರು ಮಳೆಯಲ್ಲಿ ಮಾತ್ರ ಎಣಿಸಬೇಡಿ; ಹಕ್ಕಿ ಕೂಗುವುದಿಲ್ಲ, ಕೂಗಿದರೂ ಕೇಳುವುದಿಲ್ಲ. ಹನಿ ನಿಲ್ಲುವವರೆಗೆ ಕಾಯಿರಿ, ಇಲ್ಲವೆ ಇನ್ನೊಂದು ದಿನ ಬನ್ನಿ.

ಉಪಚೌಕಕ್ಕೆ ಒಂದು ಗಂಟೆ. ಅದನ್ನು ಹದಿನೈದು ನಿಮಿಷದ ನಾಲ್ಕು ಪಟ್ಟಿಗಳಾಗಿ ಒಡೆಯಬೇಕು. ಒಂದೇ ಪಟ್ಟಿಯಾದರೆ ಸಲೀಸಲ್ಲವೇ ಎಂಬುದು ಹೊಸಬರೆಲ್ಲರ ಪ್ರಶ್ನೆ. ಈ ಒಡೆಯುವಿಕೆಯಲ್ಲೇ ಅಟ್ಲಾಸಿನ ಅರ್ಧ ಬಲವಿದೆ. ಒಂದು ಹಕ್ಕಿ ಆ ಜಾಗದಲ್ಲಿದ್ದೂ ಹದಿನೈದು ನಿಮಿಷದಲ್ಲಿ ನಮಗೆ ಸಿಗುವ ಸಾಧ್ಯತೆ ಶೇಕಡ 30 ಎನ್ನೋಣ. ನಾಲ್ಕು ಪಟ್ಟಿಗಳಲ್ಲಿ ಒಮ್ಮೆಯಾದರೂ ಸಿಗುವ ಸಾಧ್ಯತೆ ಆಗ ಶೇಕಡ 76. ಪೊದೆಯೊಳಗೇ ಇರುವ, ಒಂದು ಪಟ್ಟಿಯಲ್ಲಿ ಶೇಕಡ 10ರಷ್ಟು ಮಾತ್ರ ಸಿಗುವ ಹಕ್ಕಿಯಾದರೆ ನಾಲ್ಕೂ ಸೇರಿ ಬರೀ 34. ಅಂದರೆ ಇದ್ದೂ ಸಿಗದೆ ಹೋಗುವುದೇ ಹೆಚ್ಚು. ನಾಲ್ಕು ಬಿಡಿ ಪಟ್ಟಿಗಳಿದ್ದಾಗ ಯಾವ ಹಕ್ಕಿ ಎಷ್ಟು ಪಟ್ಟಿಗಳಲ್ಲಿ ಬಂತು ಎಂಬುದರಿಂದ ಈ ಸಿಗುವಿಕೆಯನ್ನೇ ಅಂದಾಜು ಮಾಡಿ, ಸಿಗದೆ ಹೋದ ಚೌಕಗಳ ಬಗ್ಗೆಯೂ ಏನಾದರೂ ಹೇಳಲು ಬರುತ್ತದೆ. ಒಂದು ಗಂಟೆಯ ಒಂದೇ ಪಟ್ಟಿ ಕೈಗೆ ಬಂದರೆ ಆ ದಾರಿ ಮುಚ್ಚಿಹೋಯಿತು. ಮುಂದೆ ಯಾವ ಗಣಿತದಿಂದಲೂ ಅದನ್ನು ಬಿಡಿಸಲಾಗದು.

ಹಾಗಾಗಿ ಹದಿನೈದು ನಿಮಿಷವೆಂದರೆ ಹದಿನೈದೇ. ಹದಿನಾರನೇ ನಿಮಿಷಕ್ಕೆ ಗರುಡ ತಲೆಯ ಮೇಲೆ ಬಂದರೂ ಅದು ಮುಂದಿನ ಪಟ್ಟಿಗೆ. ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. ನಿಧಾನಕ್ಕೆ ನಡೆದರೆ ಒಂದು ಪಟ್ಟಿಯಲ್ಲಿ ಕ್ರಮಿಸುವುದು 200ರಿಂದ 300 ಮೀಟರ್. ನಾಲ್ಕೂ ಪಟ್ಟಿಗಳು ಉಪಚೌಕದ ಬೇರೆ ಬೇರೆ ಮಗ್ಗುಲಲ್ಲಿ ಬೀಳಬೇಕು. ಮುಕ್ಕಾಲು ಗದ್ದೆ, ಕಾಲು ಪಾಲು ತೋಟವಿದ್ದರೆ ಮೂರು ಪಟ್ಟಿ ಗದ್ದೆಗೆ, ಒಂದು ತೋಟಕ್ಕೆ. ನೆರಳಿದೆ, ಹಕ್ಕಿ ಜಾಸ್ತಿ ಇವೆ ಎಂದು ನಾಲ್ಕನ್ನೂ ತೋಟದಲ್ಲೇ ಮುಗಿಸಿದರೆ ಗದ್ದೆಯ ಟಿಟ್ಟಿಭ ನಕ್ಷೆಯಿಂದ ಮಾಯ. ಒಂದು ಪಟ್ಟಿಯಲ್ಲಿ ಬಂದ ಹಕ್ಕಿಯೇ ಎರಡನೆಯದರಲ್ಲಿ ಮತ್ತೆ ಕಂಡರೆ ಬರೆಯಿರಿ, ಪಟ್ಟಿಗಳು ಒಂದಕ್ಕೊಂದು ಸಂಬಂಧವಿಲ್ಲದವು. ಒಂದೇ ಪಟ್ಟಿಯೊಳಗೆ ಮಾತ್ರ ಎರಡು ಸಲ ಎಣಿಸಬಾರದು.

ತಂಡದಲ್ಲಿ ಇಬ್ಬರಿಂದ ನಾಲ್ವರು ಸಾಕು. ಅವರಲ್ಲಿ ಒಬ್ಬರಿಗಾದರೂ ಕೂಗಿನಿಂದ ಹಕ್ಕಿ ಗೊತ್ತಾಗಬೇಕು, ತೋಟ ಕಾಡುಗಳಲ್ಲಿ ಹಕ್ಕಿ ಕಾಣುವುದಕ್ಕಿಂತ ಕೇಳುವುದೇ ಹೆಚ್ಚು. ಒಬ್ಬರು ಬರೆಯಲಿ, ಉಳಿದವರು ನೋಡಲಿ. ಎಲ್ಲರೂ ಒಟ್ಟಿಗೇ ನಡೆಯಬೇಕು. ಹತ್ತು ಜನ ಚದುರಿ ನಡೆದ ಚೌಕವನ್ನು ಇಬ್ಬರು ನಡೆದ ಚೌಕದ ಪಕ್ಕದಲ್ಲಿಟ್ಟು ಹೋಲಿಸಲಾಗದು. ಧ್ವನಿಮುದ್ರಿಕೆ ಹಾಕಿ ಹಕ್ಕಿಯನ್ನು ಕರೆಯುವುದು ಬೇಡ; ಗೂಡಿನ ಹೊತ್ತಿನಲ್ಲಿ ಅದಕ್ಕೆ ಹಿಂಸೆ, ಲೆಕ್ಕವೂ ಕೆಡುತ್ತದೆ. ಬೆಳಕು ಹರಿದ ಮೇಲೆ ಮೊದಲ ಮೂರು ಗಂಟೆ ಒಳ್ಳೆಯ ಹೊತ್ತು. ಒಂದು ಬೆಳಗ್ಗೆ ಎರಡು ಉಪಚೌಕ, ದಾರಿ ಸಲೀಸಿದ್ದರೆ ಮೂರು. ನಾಲ್ಕನ್ನೂ ಹಿಡಿಯಲು ಹೋದರೆ ಕೊನೆಯದು ಉರಿಬಿಸಿಲಿಗೆ ಸಿಕ್ಕಿ ಬಡವಾಗುತ್ತದೆ.

ಪಟ್ಟಿಗಳನ್ನು ಬರೆದು ಕಳಿಸುವ ಇ-ಬರ್ಡ್ ಆ್ಯಪಿನಲ್ಲಿ ಆಗುವ ಎಡವಟ್ಟುಗಳ ಬಗ್ಗೆ ಬಿಡಿಸಿಯೇ ಹೇಳಬೇಕು. ಎಲ್ಲಕ್ಕಿಂತ ದೊಡ್ಡದು ಸ್ಥಳದ್ದು. ಪಟ್ಟಿ ಮುಗಿಸುವಾಗ ಆ್ಯಪ್ ಹತ್ತಿರದಲ್ಲಿ ಎಲ್ಲರೂ ಹಕ್ಕಿ ನೋಡುವ ಜಾಗವನ್ನು, ಅಂದರೆ ಹಾಟ್‌ಸ್ಪಾಟನ್ನು ಮುಂದಿಡುತ್ತದೆ. ಅದನ್ನು ಒತ್ತಿದ ಕ್ಷಣ ನಿಮ್ಮ ಪಟ್ಟಿ ಎರಡು ಕಿ.ಮೀ. ಆಚೆಯ ಕೆರೆಯ ಚುಕ್ಕಿಗೆ ಹೋಗಿ ಕೂರುತ್ತದೆ, ನಕ್ಷೆಯಲ್ಲಿ ಬೇರೆಯೇ ಚೌಕದೊಳಗೆ. ನಿಂತ ಜಾಗವನ್ನೇ ಹೊಸ ಸ್ಥಳವಾಗಿ ಇಟ್ಟು, ಚೌಕದ ಸಂಕೇತ, ಉಪಚೌಕದ ಸಂಖ್ಯೆ, ಪಟ್ಟಿಯ ಸಂಖ್ಯೆ ಸೇರಿಸಿ ಹೆಸರು ಕೊಡಿ. ಚೌಕದ ಗೆರೆ ಗೊತ್ತಾಗಲು ಅದರ ಕೆಎಂಎಲ್ ಫೈಲನ್ನು (ನಕ್ಷೆಯ ಮೇಲೆ ಗೆರೆ ತೋರಿಸುವ ಫೈಲು) ಹಿಂದಿನ ದಿನವೇ ಫೋನಿಗೆ ಇಳಿಸಿಕೊಂಡು, ನೆಟ್‌ವರ್ಕ್ ಇಲ್ಲದೆಯೂ ತೆರೆದುಕೊಳ್ಳುತ್ತದೆಯೇ ಎಂದು ನೋಡಿಟ್ಟುಕೊಳ್ಳಿ. ಗೆರೆಯಿಂದ ನೂರು ಮೀಟರಾದರೂ ಒಳಗಿರಿ, ಮರದಡಿಯಲ್ಲಿ ಜಿಪಿಎಸ್ ಹತ್ತಾರು ಮೀಟರ್ ತಪ್ಪುವುದುಂಟು.

ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಎಂಬ ಪ್ರಶ್ನೆಗೆ ಹೌದು ಎನ್ನಬೇಕು, ಮತ್ತು ಅದು ನಿಜವಾಗಿರಬೇಕು. ಕಾಗೆ, ಗೊರವಂಕ, ಪಾರಿವಾಳಗಳನ್ನು ಬಿಟ್ಟ ಪಟ್ಟಿ ಪೂರ್ಣವಲ್ಲ. ಇಪ್ಪತ್ತು ವರ್ಷ ಬಿಟ್ಟು ಇದೇ ಚೌಕಕ್ಕೆ ಬರುವವರು ಮೊದಲು ಹುಡುಕುವುದು ಇವನ್ನೇ. ಸಂಖ್ಯೆಯ ಜಾಗದಲ್ಲಿ, ಹಕ್ಕಿ ಇತ್ತು ಎಂದಷ್ಟೇ ಹೇಳುವ ಎಕ್ಸ್ ಹಾಕಬೇಡಿ. ಬೆಳ್ಳಕ್ಕಿ ಸುಮಾರು 40 ಎಂಬ ಅಂದಾಜಿಗೂ ಬೆಲೆಯಿದೆ. ಗುರುತು ಸಿಗದ ಹದ್ದಿಗೆ, ಎಲೆ ಉಲಿಯಕ್ಕಿಗೆ ಜಾತಿ ಖಚಿತವಿಲ್ಲ ಎಂಬ ಆಯ್ಕೆ ಇದೆ, ಧೈರ್ಯವಾಗಿ ಬಳಸಿ. ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ತೋರಿಸಿದರೆ ಅದನ್ನು ಸುಳಿವು ಎಂದಷ್ಟೇ ತಿಳಿಯಿರಿ. ಕಾಜಾಣ ಬೇರೆ ಹಕ್ಕಿಯ ಕೂಗನ್ನು ಅನುಕರಿಸಿದಾಗ ಅದೂ ಮೋಸಹೋಗುತ್ತದೆ. ನಿಮ್ಮ ಕಣ್ಣಿಗೋ ಕಿವಿಗೋ ಖಾತ್ರಿಯಾದದ್ದು ಮಾತ್ರ ಪಟ್ಟಿಗೆ ಬರಲಿ. ತಂಡದಲ್ಲಿ ಒಬ್ಬರೇ ಪಟ್ಟಿ ಕಳಿಸಿ ಉಳಿದವರಿಗೂ ಯೋಜನೆಯ ಖಾತೆಗೂ ಹಂಚಬೇಕು. ನಾಲ್ವರೂ ಬೇರೆ ಬೇರೆ ಕಳಿಸಿದರೆ ಒಂದು ಗಂಟೆಯ ಕೆಲಸ ನಾಲ್ಕು ಗಂಟೆಯಾಗಿ ತೋರುತ್ತದೆ.

ಋತು ಮುಗಿಯುವವರೆಗೆ ಕಾಯದೆ ಸಂಯೋಜಕರು ವಾರಕ್ಕೊಮ್ಮೆ ಪಟ್ಟಿಗಳನ್ನು ಸೋಸಬೇಕು. ನಕ್ಷೆ ಬಿಡಿಸುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಚೌಕಗಳ ಮೇಲೆ ಪಟ್ಟಿಗಳ ಚುಕ್ಕಿ ಹಾಕಿದರೆ ಹೊರಗೆ ಬಿದ್ದವು ಕೂಡಲೇ ಕಾಣುತ್ತವೆ. ಹದಿನೈದು ನಿಮಿಷಕ್ಕಿಂತ ಉದ್ದದವು, ಅಪೂರ್ಣ ಎಂದು ಗುರುತಾದವು, ಋತುವಿನ ದಿನಾಂಕದಾಚೆಯವು, ಹಂಚಿಕೊಳ್ಳದೆ ಬೇರೆ ಬೇರೆ ಕಳಿಸಿದ ನಕಲುಗಳು ಎಲ್ಲ ಆ ವಾರದಲ್ಲೇ ಸಿಕ್ಕರೆ ತಂಡಕ್ಕೆ ನೆನಪಿರುತ್ತದೆ, ತಿದ್ದಬಹುದು, ಮತ್ತೆ ಹೋಗಿಬರಲೂ ಕಾಲವಿರುತ್ತದೆ. ಚೌಕ ಹಂಚುವಾಗ ದೂರದ್ದನ್ನೂ ಒಣ ಬಯಲಿನದ್ದನ್ನೂ ಮೊದಲ ಎರಡು ವಾರಕ್ಕೇ ಹಾಕಿ, ಊರ ಹತ್ತಿರದ್ದನ್ನು ಕೊನೆಗೆ ಇಡಿ. ಉಲ್ಟಾ ಮಾಡಿದರೆ ಋತುವಿನ ಕೊನೆಯಲ್ಲಿ ಉಳಿಯುವುದೆಲ್ಲ ಯಾರಿಗೂ ಬೇಡದ ಚೌಕಗಳೇ.

ಬೆಳಗಿನ ನಡಿಗೆಗೆ ಸಿಗದವು ಒಂದಷ್ಟಿವೆ. ಗೂಬೆ, ನತ್ತಿಂಗಗಳಿಗೆ ರಾತ್ರಿಯ ಪ್ರತ್ಯೇಕ ಸುತ್ತು ಬೇಕು. ಅದಿಲ್ಲದಿದ್ದರೆ ಅವುಗಳ ನಕ್ಷೆಯನ್ನೇ ಪ್ರಕಟಿಸದಿರುವುದು ಒಳ್ಳೆಯದು. ಗೂಡಿನ ನಿಖರ ಜಾಗ ಯಾವ ನಕ್ಷೆಯಲ್ಲೂ ಬೇಡ, ಚೌಕದ ಮಟ್ಟ ಸಾಕು. ಇನ್ನುಳಿದ ಪ್ರತಿ ಜಾತಿಯ ನಕ್ಷೆಯಲ್ಲಿ, ಹೋಗಿಯೂ ಕಾಣದ ಚೌಕಕ್ಕೆ ಒಂದು ಬಣ್ಣ, ಹೋಗಲಾಗದ ಚೌಕಕ್ಕೆ ಇನ್ನೊಂದು ಬಣ್ಣ ಕೊಡಿ.