ಮೂರು ವಾರಕ್ಕೊಂದು ಬ್ಯಾಟರಿ ನುಂಗಿದ ಬೇಸ್ ಗಿಟಾರ್

ಆಕ್ಟಿವ್ ಬೇಸ್ ಗಿಟಾರಿನ ಬೆನ್ನಿನಲ್ಲಿ, ಪುಟ್ಟ ಮುಚ್ಚಳದ ಹಿಂದೆ, 9 ವೋಲ್ಟಿನ ಬ್ಯಾಟರಿಯೊಂದು ಕೂತಿರುತ್ತದೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ನಿಂದ ಬರುವ ಸಿಗ್ನಲ್ಲನ್ನು ಹಿಗ್ಗಿಸುವ ಪ್ರೀಆಂಪ್‌ಗೆ ಅದೇ ಆಧಾರ. ನನ್ನ ಗಿಟಾರಿನಲ್ಲಿ ಅಂಥ ಬ್ಯಾಟರಿ ವರ್ಷದ ಹತ್ತಿರ ಬಾಳುತ್ತಿತ್ತು. ಆದರೆ ಆ ವರ್ಷ ಗಣೇಶೋತ್ಸವದ ಕಾರ್ಯಕ್ರಮಗಳು ಶುರುವಾದ ಮೇಲೆ, ಹೊಸದಾಗಿ ಹಾಕಿದ ಬ್ಯಾಟರಿ ಹೆಚ್ಚೂಕಡಿಮೆ ಮೂರು ವಾರದಲ್ಲಿ ಸಾಯತೊಡಗಿತು. ಜೋರಾಗಿ ಮೀಟಿದ ಸ್ವರಗಳು ಮಾತ್ರ ಮೊದಲು ಒಡೆದು ಕರಕರ ಎನ್ನುತ್ತಿದ್ದವು; ಅದಾಗಿ ಒಂದೆರಡು ಹಾಡುಗಳೊಳಗೆ ಇಡೀ ದನಿಯೇ ಕುಗ್ಗಿಹೋಗುತ್ತಿತ್ತು.

ನಮ್ಮ ಆರ್ಕೆಸ್ಟ್ರಾದಲ್ಲಿ ಇದಕ್ಕೆ ಸಲಹೆಗಳ ಬರವಿರಲಿಲ್ಲ. ಕೀಬೋರ್ಡ್ ನುಡಿಸುವವರು, "ಕೇಬಲ್ ಹಾಕಿ ಹಾಗೇ ಬಿಡ್ತಿದ್ದೀಯೇನೋ ನೋಡಪ್ಪ," ಎಂದರು. ಪ್ರಶ್ನೆ ಸರಿಯಾದದ್ದೇ, ಏಕೆಂದರೆ ಈ ಗಿಟಾರುಗಳಿಗೆ ಪ್ರತ್ಯೇಕ ಸ್ವಿಚ್ ಇರುವುದಿಲ್ಲ, ಔಟ್‌ಪುಟ್ ಜಾಕ್ಕೇ ಸ್ವಿಚ್ಚಿನ ಕೆಲಸ ಮಾಡುತ್ತದೆ. ಟಿಪ್, ರಿಂಗ್, ಸ್ಲೀವ್ ಎಂಬ ಮೂರು ಸಂಪರ್ಕಗಳಿರುವ ಆ ಸ್ಟೀರಿಯೋ ಜಾಕ್ಕಿನ ರಿಂಗ್‌ಗೆ ಬ್ಯಾಟರಿಯ ಮೈನಸ್ ತುದಿಯ ಕಪ್ಪು ವೈರನ್ನು ಬೆಸೆದಿರುತ್ತಾರೆ. ಕೇಬಲ್ಲಿನ ಮೋನೋ ಪಿನ್ ಒಳಹೊಕ್ಕಾಗ ಅದರ ಉದ್ದನೆಯ ಲೋಹದ ಮೈ ರಿಂಗನ್ನೂ ಸ್ಲೀವನ್ನೂ ಒಟ್ಟಿಗೆ ಮುಟ್ಟಿ, ಬ್ಯಾಟರಿಯನ್ನು ಗ್ರೌಂಡ್‌ಗೆ, ಎಂದರೆ ಸರ್ಕ್ಯೂಟ್ ಪೂರ್ಣವಾಗುವ ತುದಿಗೆ, ಜೋಡಿಸುತ್ತದೆ. ಪಿನ್ ತೆಗೆದರೆ ಸಂಪರ್ಕ ಕಡಿದಂತೆ. ಆದರೆ ನಾನು ಗಿಟಾರನ್ನು ಕೇಬಲ್ ಕಳಚದೆ ಬ್ಯಾಗಿಗೆ ಹಾಕುವುದೇ ಸಾಧ್ಯವಿರಲಿಲ್ಲ. ಅಗ್ಗದ ಬ್ಯಾಟರಿ ಬಿಟ್ಟು ಒಳ್ಳೆಯ ಆಲ್ಕಲೈನ್ ಬ್ಯಾಟರಿಯನ್ನೇ ಹಾಕಿ ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ರಿಪೇರಿ ಅಂಗಡಿಯೊಂದರಲ್ಲಿ ಮುಚ್ಚಳವನ್ನೂ ಬಿಚ್ಚದೆ, "ಪ್ರೀಆಂಪ್ ಹೋಗಿದೆ ಸಾರ್, ಹೊಸದು ಹಾಕ್ಸಿಬಿಡಿ," ಎಂದು ಹೇಳಿದರು.

ಆ ಮಾತು ನನಗೆ ಒಪ್ಪಿಗೆಯಾಗದಿರಲು ಒಂದು ಸಣ್ಣ ಲೆಕ್ಕ ಕಾರಣ. 9 ವೋಲ್ಟಿನ ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500ರಿಂದ 600 ಮಿಲಿಆಂಪ್-ಗಂಟೆಯಷ್ಟು ಶಕ್ತಿ ಇರುತ್ತದೆ. ಪ್ರೀಆಂಪ್ ಸುಮಾರು 1 ಮಿಲಿಆಂಪ್ ಎಳೆಯುತ್ತದೆಂದು ಹಿಡಿದರೆ ಬ್ಯಾಟರಿ 500 ಗಂಟೆ ದುಡಿಯಬೇಕು. 500 ಗಂಟೆಯೆಂದರೆ, ಹಗಲೂ ರಾತ್ರಿ ಬಿಡದೆ ಓಡಿದರೆ, ಮೂರು ವಾರ. ನೇರ ಶಾರ್ಟ್ ಆಗಿದ್ದರೆ ಬ್ಯಾಟರಿ ಬಿಸಿಯೇರಿ ಗಂಟೆಗಳಲ್ಲೇ ಮುಗಿಯುತ್ತಿತ್ತು. ಪ್ರೀಆಂಪ್ ತನಗೆ ಬೇಕಾದಷ್ಟನ್ನೇ ಉಣ್ಣುತ್ತಿದೆ, ಆದರೆ ಗಿಟಾರು ಬ್ಯಾಗಿನಲ್ಲಿ ಮಲಗಿರುವಾಗಲೂ ಉಣ್ಣುತ್ತಿದೆ ಎಂದೇ ಇದರ ಅರ್ಥ.

ಸಂಗೀತಗಾರರಲ್ಲಿ ಬ್ಯಾಟರಿಯನ್ನು ನಾಲಿಗೆಗೆ ತಾಗಿಸಿ ಪರೀಕ್ಷಿಸುವ ಅಭ್ಯಾಸವಿದೆ. ಚುರುಕು ಎಷ್ಟೆಂದು ಅದು ಹೇಳೀತು, ಸೋರಿಕೆ ಎಲ್ಲಿದೆಯೆಂದು ಹೇಳದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಿಂದೆಂದೋ ಕೊಂಡಿದ್ದ ಮಲ್ಟಿಮೀಟರನ್ನು 20 ಮಿಲಿಆಂಪ್ ಶ್ರೇಣಿಗೆ ತಿರುಗಿಸಿದೆ. ಬ್ಯಾಟರಿಯ ಒಂದು ಗುಂಡಿಯನ್ನು ಮಾತ್ರ ಕ್ಲಿಪ್ಪಿಗೆ ಸಿಕ್ಕಿಸಿ, ಕ್ಲಿಪ್ಪನ್ನು ಓರೆಯಾಗಿ ತಿರುಗಿಸಿ, ಬಿಡುವಾಗಿ ಉಳಿದ ಎರಡು ತುದಿಗಳ ನಡುವೆ ಮೀಟರಿನ ಕಡ್ಡಿಗಳನ್ನು ಇಟ್ಟೆ. ಕೇಬಲ್ ಹಾಕಿದಾಗ 1.1 ಎಂದು ತೋರಿಸಿತು. ಕೇಬಲ್ ಕಿತ್ತ ಮೇಲೂ 1.1 ಎಂದೇ ತೋರಿಸಿತು. ಅಲ್ಲಿ ಸೊನ್ನೆ ಬರಬೇಕಿತ್ತು.

ಇನ್ನು ಹುಡುಕಬೇಕಿದ್ದ ಜಾಗ ಬೆರಳಗಲದ್ದು. ಹಿಂಬದಿಯ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದೆ. ಗುಯ್‌ಗುಟ್ಟುವ ಸದ್ದನ್ನು ತಡೆಯಲು ಒಳಗೋಡೆಗೆ ತಾಮ್ರದ ಹಾಳೆ ಅಂಟಿಸಿದ್ದರು, ಆ ಹಾಳೆ ಗ್ರೌಂಡ್‌ಗೆ ಸೇರಿತ್ತು. ಜಾಕ್ಕಿನ ಹೊರಗಿನ ನಟ್ ಸಡಿಲಗೊಂಡು, ಕೇಬಲ್ ಹಾಕಿ ತೆಗೆಯುವಾಗಲೆಲ್ಲ ಇಡೀ ಜಾಕ್ ಕೂದಲೆಳೆಯಷ್ಟು ತಿರುಗುತ್ತ ಬಂದು, ರಿಂಗ್‌ನ ಬೆಸುಗೆಯ ಕಾಲು ಆ ಹಾಳೆಗೆ ಒರಗಿತ್ತು; ಎಂದರೆ ಪಿನ್ ಇಲ್ಲದಿದ್ದರೂ ಬ್ಯಾಟರಿ ಗ್ರೌಂಡ್‌ಗೆ ಜೋಡಿಯಾಗಿಯೇ ಇತ್ತು. ತಾಮ್ರದ ಮೇಲೆ ಆ ಕಾಲು ಉಜ್ಜಿದ ಗೀರು ಹೊಳೆಯುತ್ತಿತ್ತು. ಬೆರಳಿನಿಂದ ಜಾಕ್ಕನ್ನು ತುಸು ಹಿಂದಕ್ಕೆ ತಿರುಗಿಸಿದೆ, ಮೀಟರು ಸೊನ್ನೆಗೆ ಇಳಿಯಿತು. ಬಿಟ್ಟೆ, ಮತ್ತೆ 1.1. ಒಮ್ಮೊಮ್ಮೆ ಬ್ಯಾಟರಿ ಕೆಲವು ದಿನ ಹೆಚ್ಚಿಗೆ ಬಾಳಿದ್ದು ಏಕೆಂಬುದೂ ಇದರಿಂದ ತಿಳಿಯಿತು: ಪಿನ್ ಎಳೆಯುವಾಗ ಜಾಕ್ ಯಾವ ಕಡೆಗೆ ವಾಲಿತೋ ಅದರ ಮೇಲೆ ಎಲ್ಲವೂ ನಿಂತಿತ್ತು.

ರಿಪೇರಿ ಮಾತ್ರ ತೀರ ಸುಲಭದ್ದು. ರಿಂಗ್‌ನ ವೈರನ್ನು ಬಿಡಿಸಿ, ಅದಕ್ಕೆ ಹೀಟ್‌ಶ್ರಿಂಕ್ ಎಂಬ, ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ತೋಳು ತೊಡಿಸಿ ಮರಳಿ ಬೆಸೆದು, ತೋಳನ್ನು ಕಾಲಿನ ಮೇಲೆ ಎಳೆದೆ. ಎದುರಿನ ತಾಮ್ರದ ಮೇಲೆ ಇನ್ಸುಲೇಶನ್ ಟೇಪಿನ ಒಂದು ತುಂಡು ಅಂಟಿಸಿದೆ. ನಟ್ ಬಿಗಿಯುವ ಮೊದಲು ಹಲ್ಲುಗಳಿರುವ ವಾಷರ್ ಹಾಕಿದೆ, ಇಲ್ಲವಾದರೆ ಅದು ಮತ್ತೆ ಸಡಿಲವಾಗುತ್ತಿತ್ತು. ಬಿಗಿಯುವಾಗ ಒಳಗಿನಿಂದ ಜಾಕ್ಕನ್ನು ಹಿಡಿದುಕೊಳ್ಳಬೇಕು. ಹಿಡಿಯದೆ ನಟ್ ತಿರುಗಿಸಿದರೆ ಜೊತೆಗೆ ಜಾಕ್ಕೂ ತಿರುಗಿ ವೈರು ಕಿತ್ತುಬರುತ್ತದೆ. ರಾಜ್ಯೋತ್ಸವದ ಕಾರ್ಯಕ್ರಮಗಳೆಲ್ಲ ಮುಗಿದ ಮೇಲೆ ಅಳೆದಾಗ ಅದೇ ಬ್ಯಾಟರಿ 8.9 ವೋಲ್ಟ್ ತೋರಿಸಿತು.